ಕೊಳವೆಗಿಲ್ಲದ ಎಂಜಲು

"ಏಯ್ ಮುಂಡೇದೆ, ಆ ಲೋಟ ಮುಟ್ಟಿದ್ರೆ ಕೈ ಮುರೀತೀನಿ! ನಿಂದು ಅಲ್ಲಿದೆ ನೋಡು, ಕೆಂಪು ಬಳ್ದಿರೋದು."

ಮೇಸ್ತ್ರಿ ಕೈ ತೋರಿಸಿದ ಕಡೆ ಬುಗ್ಗೆ ನೋಡಿದ. ನೀರಿನ ಡ್ರಮ್ಮಿನಿಂದ ದೂರ, ಕಕ್ಕಸಿನ ಗೋಡೆಯ ಮೊಳೆಯಲ್ಲಿ ತಗಡಿನ ಲೋಟವೊಂದು ತೂಗುತ್ತಿತ್ತು. ಗಾಜು ಊದುವಾಗ ಕೆನ್ನೆ ಉಬ್ಬುತ್ತಿದ್ದರಿಂದ ಅವನಿಗೆ ಬುಗ್ಗೆ ಎಂಬ ಹೆಸರು. ಕೆನ್ನೆಯ ಅರ್ಧದಷ್ಟು ಬುದ್ಧಿ ಉಬ್ಬಿದ್ದರೂ ತನಗೆ ಎಚ್‌ಐವಿ ಎಂದು ಬಾಮೈದನ ಕಿವಿಯಲ್ಲಿ ಹೇಳುತ್ತಿರಲಿಲ್ಲ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಕುಲುಮೆಗೂ ಗೊತ್ತಾಗಿತ್ತು.

"ಎಂಜಲಿಂದ ಬರಲ್ಲ, ಒಂದೇ ಲೋಟದಲ್ಲಿ ಕುಡಿದ್ರೂ ಬರಲ್ಲ ಅಂದ್ರು ಡಾಕ್ಟರಮ್ಮ."

"ಹಂಗಾದ್ರೆ ಡಾಕ್ಟರಮ್ಮನ ಮನೆಗೇ ಹೋಗಿ ಕುಡಿ."

ಬುಗ್ಗೆ ಹಲ್ಲು ಕಿರಿದ. "ಒಳ್ಳೇದೇ ಆಯ್ತು ಬಿಡಿ. ನಮ್ಮ ವಂಶದಲ್ಲಿ ಸ್ವಂತ ಲೋಟ ಕಂಡ ಮೊದಲನೇ ಗಂಡಸು ನಾನು."

ಯಾರೂ ನಗಲಿಲ್ಲ. ಬುಗ್ಗೆಯ ಮದುವೆಯಾದಾಗಿನಿಂದ ಅವನ ಜೊತೆಗೇ ಉಣ್ಣುತ್ತಿದ್ದ ಬಾಮೈದ ಡಬ್ಬಿ ಎತ್ತಿಕೊಂಡು ಆಚೆ ಬೆಂಚಿಗೆ ಹೋದ.

ಗಂಟೆ ಹೊಡೆಯಿತು. ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದೂ ಲೋಟವೇ, ಗಾಜಿನದು. ಕುಲುಮೆಯಿಂದ ಕೆಂಡದಂಥ ಗಾಜನ್ನು ಕಬ್ಬಿಣದ ಕೊಳವೆಯ ತುದಿಗೆ ಸುತ್ತಿಕೊಂಡು ಬುಗ್ಗೆ ಮೊದಲ ಉಸಿರು ಊದಬೇಕು. ಅದೇ ಕೊಳವೆಯನ್ನು ಬಾಮೈದ ಬಾಯಿಗಿಟ್ಟು ಅಚ್ಚಿನೊಳಗೆ ಊದಬೇಕು. ಒರೆಸುತ್ತ ಕೂತರೆ ಗಾಜು ಗಟ್ಟಿಯಾಗುತ್ತದೆ.

ಬುಗ್ಗೆ ಗಾಜು ಸುತ್ತಿಕೊಂಡ. ಕೊಳವೆ ತಿರುಗಿಸುತ್ತ ನಿಂತ. ಊದಲಿಲ್ಲ.

"ಊದೋ! ಯಾರ ಮುಖ ನೋಡ್ತೀಯ?" ಬಾಗಿಲಲ್ಲಿ ಧಣಿ.

"ನನ್ನ ಎಂಜಲು ಇದಕ್ಕೂ ಮೆತ್ತುತ್ತೆ ಧಣಿ. ಇದಕ್ಕೂ ಕೆಂಪು ಬಳೀಬೇಕಿತ್ತು."

"ಲೋಟ ಬೇರೆ, ಕೊಳವೆ ಬೇರೆ. ಬೆಂಕೀಲಿ ಎಲ್ಲಾ ಸತ್ತೋಗುತ್ತೆ."

"ಬೆಂಕಿ ಇರೋದು ಆ ತುದೀಲಿ. ಆ ಕಡೆ ಬಾಯಿಡೋವಷ್ಟು ದಡ್ಡ ನಾನಿನ್ನೂ ಆಗಿಲ್ಲ."

ಹಿಂದೆ ಯಾರೋ ಕಿಸಕ್ಕೆಂದರು.

"ಬೋಳಿಮಗನೆ, ರೋಗ ಹತ್ತಿಸ್ಕೊಂಡು ಬಂದು ನಂಗೇ ಪಾಠನಾ? ಊದು, ಇಲ್ಲ ಗೇಟಿನಾಚೆ ನಡಿ!"

"ಊದ್ತೀನಿ. ಆ ಲೋಟ ಗೋಡೆಯಿಂದ ತೆಗೆಸಿ."

ಗಾಜು ಜೇನಿನಂತೆ ಜೋತುಬಿತ್ತು. ಬುಗ್ಗೆ ಕೊಳವೆ ತಿರುಗಿಸುವುದನ್ನೇ ಬಿಟ್ಟಿದ್ದ. ತಲೆಯನ್ನು ಕೇಳದೆ ಬಾಯಿ ಮುಂದೆ ಹೋಗುವುದು ಅವನಿಗೆ ಹುಟ್ಟುಗುಣ. ಗಾಜು ಕಳಚಿ ನೆಲಕ್ಕೆ ಬಿತ್ತು.

ಧಣಿ ಬಾಮೈದನ ಕಡೆ ತಿರುಗಿದ. "ಅವನ ಕೈಯಿಂದ ಕೊಳವೆ ತಗೋ. ಇನ್ಮೇಲೆ ಮೊದಲ ಉಸಿರೂ ನಿಂದೇ."

ಬಾಮೈದ ಕೊಳವೆ ಕಿತ್ತುಕೊಂಡ. ಇದ್ದ ಕೆಲಸವನ್ನೂ ಊದಿ ಆರಿಸಿಕೊಂಡೆ ಅಂದುಕೊಂಡ ಬುಗ್ಗೆ. ಬಾಮೈದ ಕೊಳವೆಯ ಬಾಯಿಯನ್ನೇ ನೋಡುತ್ತಿದ್ದ.

"ಇದರಿಂದ ಏನೂ ಆಗಲ್ವಾ ಧಣಿ?"

"ಏನೂ ಆಗಲ್ಲ ಅಂದ್ನಲ್ಲ! ಬಾಯಿಡು!"

ಬಾಮೈದ ಕೊಳವೆಯನ್ನು ಗೋಡೆಗೊರಗಿಸಿದ. ಕಕ್ಕಸಿನ ಗೋಡೆಯ ತನಕ ನಡೆದು ಕೆಂಪು ಲೋಟ ಇಳಿಸಿಕೊಂಡ. ಎಲ್ಲರ ಡ್ರಮ್ಮಿಗೆ ಅದ್ದಿ ಗಟಗಟ ಕುಡಿದ.

"ಥೂ, ಬಣ್ಣ ಇನ್ನೂ ಒಣಗೇ ಇಲ್ಲ ಭಾವ."

ಅವನ ತುಟಿ ಕೆಂಪಾಗಿತ್ತು. ಮೇಸ್ತ್ರಿ ಕೋಲು ಹುಡುಕುತ್ತಿದ್ದ. ಹಿಂದೆ ಉಳಿದವರ ಕೈಯಿಂದಲೂ ಒಂದೊಂದೇ ಕೊಳವೆ ನೆಲಕ್ಕೆ ಇಳಿದ ಸದ್ದು.

ಬುಗ್ಗೆ ಕೈ ಚಾಚಿದ. "ಕೊಡೋ ಇಲ್ಲಿ. ಅಪರೂಪಕ್ಕೆ ನನ್ನದು ಅಂತ ಒಂದು ಸಿಕ್ಕಿದೆ, ನೀನೇ ಖಾಲಿ ಮಾಡ್ಬೇಡ."