ಪೆಟ್ಟಿಗೆಗೆ ಕೊಟ್ಟ ಜಡೆ

ಟೈಲರಮ್ಮನ ಮಗಳು ಒದ್ದೆ ಬಟ್ಟೆಯನ್ನು ಹಿಂಡಿ, ಜಡೆಯನ್ನು ಮಡಿಲಲ್ಲಿ ಹಾಸಿಕೊಂಡು, ಅದಕ್ಕೆ ಅಂಟಿದ್ದ ಗೋಂದನ್ನು ಎಳೆಎಳೆಯಾಗಿ ಬಿಡಿಸುತ್ತಿದ್ದಳು. ನಾಟಕ ಸಂಘದ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗೋಂದು ಉಗುರಿನ ಸಂದಿಗೆ ಸೇರಿ ಗಟ್ಟಿಯಾಗುತ್ತಿತ್ತು. ಜಡೆಯ ಬುಡದಲ್ಲಿ ಮುಖದ ಬಣ್ಣವೂ ಬೆವರೂ ಕಲೆತು ಹಳದಿ ಕೊಳೆಯಾಗಿ ನಿಂತಿತ್ತು. ಅದನ್ನು ಒರೆಸುವಾಗ ಅವಳು ಉಸಿರು ಬಿಗಿಹಿಡಿದಳು. ಬೆವರು ನಿನ್ನೆಯ ನಾಟಕದಲ್ಲಿ ಅದನ್ನು ಕಟ್ಟಿಕೊಂಡಿದ್ದ ಡಾಕ್ಟರ ಮಗಳದು. ಕೂದಲು ಮಾತ್ರ ತನ್ನದು.

ಆಗಿನ ಹೈಸ್ಕೂಲಿನಲ್ಲಿ ಯಾವ ಸಂಘಕ್ಕೂ ಸೇರದವರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಧ್ಯಾಹ್ನದ ಊಟಕ್ಕೆ ಚರ್ಚಾ ಸಂಘದವರಿಗೆ ಲೈಬ್ರರಿಯ ಜಗಲಿ, ಆಟದ ಸಂಘದವರಿಗೆ ಮರದ ನೆರಳು. ಅಂಚೆಚೀಟಿ ಕೂಡಿಡುವ ಕನ್ನಡಕದವರಿಗೂ ಒಂದು ಬೆಂಚಿತ್ತು. ಉಳಿದವರು ನಲ್ಲಿಯ ಪಕ್ಕದ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಬೇಕು. ಕೈತೊಳೆಯಲು ಬಂದವರೆಲ್ಲ ಅಲ್ಲೇ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದರು. ಆ ಎಂಜಲು ನೀರು ಅವಳ ಲಂಗದ ಅಂಚಿಗೆ ಸಿಡಿಯುತ್ತಿತ್ತು. ಅದನ್ನು ನೋಡದವಳಂತೆ ನುಂಗಿ ನುಂಗಿ ಅವಳಿಗೆ ಊಟವೇ ಬೇಡವಾಗಿತ್ತು.

ನಾಟಕ ಸಂಘದವರಿಗೆ ಮಾತ್ರ ರಂಗದ ಹಿಂದೆ ಸ್ವಂತ ಕೋಣೆ, ನಿಲುವುಗನ್ನಡಿ, ಬಾಗಿಲಿಗೆ ಪರದೆ. ಒಳಗಿನ ನಗು ಮೆಟ್ಟಿಲವರೆಗೆ ಕೇಳುತ್ತಿತ್ತು. ಅವರ ಮಾತುಗಳೆಲ್ಲ ಕಿಟಕಿಯಾಚೆ ನಿಂತ ಅವಳಿಗೆ ಬಾಯಿಪಾಠ. ಆದರೆ ನಾಲ್ಕು ಜನರೆದುರು ಬಾಯಿ ಬಿಡೆಂದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಆದರೂ ಅವರಲ್ಲೊಬ್ಬಳಾಗಬೇಕು ಎಂಬ ಆಸೆ ಹೋಗಲಿಲ್ಲ.

ಸೇರುವವರು ತಮ್ಮದೇ ಒಂದು ವಸ್ತುವನ್ನು ಸಂಘದ ಮರದ ಪೆಟ್ಟಿಗೆಗೆ ಕೊಡಬೇಕು, ಅದು ಅಲ್ಲಿನ ಪದ್ಧತಿ. ಪೆಟ್ಟಿಗೆಗೆ ಬಿದ್ದದ್ದು ಸಂಘದ್ದು, ವಾಪಸ್ ಕೇಳುವ ಹಾಗಿಲ್ಲ. ಡಾಕ್ಟರ ಮಗಳು ಅಪ್ಪನ ಹಳೇ ಕೋಟು ಕೊಟ್ಟು ಸೇರಿ ಕಾರ್ಯದರ್ಶಿಯಾಗಿದ್ದಳು. ಉದ್ದಕ್ಕಿದ್ದುದರಿಂದ ಎಲ್ಲರಿಂದ ಏಣಿ ಎನಿಸಿಕೊಂಡಿದ್ದ ಹುಡುಗ ತಾತನ ಊರುಗೋಲು ತಂದಿದ್ದ. ಟೈಲರಮ್ಮನ ಮಗಳು ಅಮ್ಮನ ಹತ್ತಿರ ಉಳಿದಿದ್ದ ರೇಷ್ಮೆಯ ತುಂಡುಗಳನ್ನು ಮಡಿಸಿಕೊಂಡು ಹೋದಳು.

ಡಾಕ್ಟರ ಮಗಳು ಅವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಇದೇನೇ ಇದು, ಕನ್ನಡಿ ಒರೆಸೋಕಾ?"

ಆಮೇಲೆ ಅವಳ ಕಣ್ಣು ಜಡೆಯ ಮೇಲೆ ಬಿತ್ತು. "ಕೊಡೋದಿದ್ರೆ ಇದನ್ನ ಕೊಡು. ರಾಜಕುಮಾರಿ ಪಾರ್ಟು ನಂದು, ಅದಕ್ಕೆ ಬೇಕು. ನನ್ನ ಕೂದಲು ನೋಡು, ಕುತ್ತಿಗೆ ದಾಟಲ್ಲ."

"ಕೂದಲು ತಾನೇ," ಎಂದ ಏಣಿ. "ಹುಲ್ಲಿನ ಥರ ಮತ್ತೆ ಬರುತ್ತೆ. ಹಸು ಮೇಯ್ದ ಹಾಗೆ ಅಂದ್ಕೊ."

ಪರದೆ ಕತ್ತರಿಸುವ ಮೊಂಡು ಕತ್ತರಿಯಲ್ಲಿ ಡಾಕ್ಟರ ಮಗಳೇ ಕೊಯ್ದಳು.

ಮನೆಯಲ್ಲಿ ಅಮ್ಮನ ಹೊಲಿಗೆ ಯಂತ್ರ ತಟ್ಟನೆ ನಿಂತಿತು. ಮಗಳು ಅಂಬೆಗಾಲಿಕ್ಕುವಾಗಿನಿಂದ ಆ ತಲೆಗೆ ಎಣ್ಣೆ ತಿಕ್ಕಿದ ಕೈ ಅದು.

"ಯಾರೇ ಹೀಗೆ ಮಾಡಿದ್ದು?"

"ನಾನೇ ಕೊಟ್ಟೆ ಅಮ್ಮ. ಸಂಘಕ್ಕೆ ಸೇರಿಸ್ಕೊಂಡ್ರು."

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ," ಎಂದಳು ಅಮ್ಮ. ಆಮೇಲೆ ಕೇಳಿದಳು, "ನಿಂಗೇನು ಪಾರ್ಟು?"

"ಕೊಡ್ತಾರೆ."

ಅಮ್ಮ ತನ್ನ ಕತ್ತರಿ ತೆಗೆದುಕೊಂಡು, ಇಲಿ ಕಡಿದಂತಿದ್ದ ತುದಿಗಳನ್ನು ಸಮ ಮಾಡಿದಳು.

ಪಾರ್ಟು ಕೊಡಲಿಲ್ಲ. ಜಡೆ ನೋಡಿಕೊಳ್ಳುವ ಕೆಲಸ ಕೊಟ್ಟರು. ಅವರು ಉಣ್ಣುವಾಗ ಪರದೆಯಾಚೆ ನಿಂತು ಬಾಗಿಲು ಕಾಯುವ ಕೆಲಸವನ್ನೂ ಕೊಟ್ಟರು. ಅವರೆಲ್ಲ ಉಂಡೆದ್ದ ಮೇಲೆ, ಅವರು ಚೆಲ್ಲಿದ್ದನ್ನು ಬಳಿದು, ಅದೇ ಜಾಗದಲ್ಲಿ ಅವಳು ಡಬ್ಬಿ ಬಿಚ್ಚುತ್ತಿದ್ದಳು. ಹೊಸಬರಿಗೆ ಮೊದಮೊದಲು ಹೀಗೇ ಇರಬೇಕು ಎಂದುಕೊಂಡಳು. ನಿನ್ನೆ ನಾಟಕವಾಯಿತು. ರಾಜಕುಮಾರಿ ಜಡೆಯನ್ನು ಮುಂದಕ್ಕೆ ಎಳೆದುಕೊಂಡಾಗ ಜನ ಆಹಾ ಎಂದರು. ಕೊನೆಯ ಸಾಲಿನಲ್ಲಿ ಕೂತಿದ್ದ ಅಮ್ಮ ಆಗಲೇ ಎದ್ದು ಹೋದಳು. ಇಷ್ಟಾದರೂ ಅವಳಿಗೆ ಒಂದು ಭರವಸೆ ಉಳಿದಿತ್ತು. ಇವತ್ತು ಸಂಘದ ಫೋಟೋ. ಅದನ್ನು ಸಭಾಂಗಣದ ಗೋಡೆಗೆ ತೂಗುಹಾಕುತ್ತಾರೆ. ನಾಟಕದ ಮೇಷ್ಟ್ರು ಅವಳಿಗೂ ನಿಲ್ಲಲು ಹೇಳಿದ್ದರು. ಗೋಡೆಯ ಮೇಲಿದ್ದವಳನ್ನು ಯಾರೂ ಮೆಟ್ಟಿಲಿಗೆ ಕಳಿಸಲಾರರು.

ಅವಳು ಗೋಂದು ಬಿಡಿಸಿ ಮುಗಿಸುವಷ್ಟರಲ್ಲಿ ಎಲ್ಲರೂ ಚಹಾ, ಬಿಸ್ಕತ್ತು ಹಿಡಿದು ಗಲಗಲ ಎನ್ನುತ್ತ ಒಳಗೆ ಬಂದರು. ಹಿಂದೆ ಮೇಷ್ಟ್ರು, ಅವರ ಹಿಂದೆ ಮೂರು ಕಾಲಿನ ಸ್ಟ್ಯಾಂಡು ಹೊತ್ತ ಫೋಟೋಗ್ರಾಫರ್.

"ಎಲ್ಲರೂ ಮೀಸೆ ಹಚ್ಕೊಂಡು ನಿಲ್ಲೋಣ," ಎಂದಳು ಡಾಕ್ಟರ ಮಗಳು. ಟೈಲರಮ್ಮನ ಮಗಳ ಮಡಿಲಿನಿಂದ ಜಡೆಯನ್ನು ಎಳೆದುಕೊಂಡು ಕತ್ತರಿ ಹಾಕಿದಳು.

"ಈಗಷ್ಟೇ ಗೋಂದು ಬಿಡಿಸಿದೆ," ಎಂದಳು ಅವಳು. ಅವಳ ದನಿ ಅವಳಿಗೇ ಸರಿಯಾಗಿ ಕೇಳಲಿಲ್ಲ.

"ನಾಟಕ ಮುಗೀತಲ್ಲೇ. ಇನ್ನು ಉಪ್ಪು ಹಾಕಿ ಇಡ್ತೀಯಾ?"

ಗೋಂದಿನ ಸೀಸೆ ಖಾಲಿಯಾಗಿತ್ತು. ಒಣಗಿದ ಗೋಂದನ್ನು ಕೆರೆದು, ಅಂಗೈಗೆ ಉಗುಳಿ, ಅದರಲ್ಲಿ ಕಲೆಸಿ, ಒಬ್ಬೊಬ್ಬರೂ ಕೂದಲನ್ನು ಅದ್ದಿ ತುಟಿಯ ಮೇಲೆ ಒತ್ತಿಕೊಂಡರು. ಒಬ್ಬನಿಗೆ ಸೀನು ಬಂತು. ಅವನು ಮೂಗನ್ನು ಮೀಸೆಯಲ್ಲೇ ಒರೆಸಿಕೊಂಡ. ಏಣಿಯ ಮೀಸೆ ಜಾರಿ ಚಹಾದ ಲೋಟಕ್ಕೆ ಬಿತ್ತು. ಅವನು ಅದನ್ನು ಬೆರಳಲ್ಲಿ ಎತ್ತಿ, ಸೊರ್ರನೆ ಹೀರಿ, ಮತ್ತೆ ಅಂಟಿಸಿಕೊಂಡ. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮ ತಾತನ ಕಳೆ ಬಂತಲ್ಲೋ," ಎಂದರು. ಉಳಿದ ಜಡೆ ನೆಲದಲ್ಲಿತ್ತು. ಡಾಕ್ಟರ ಮಗಳು ಅದರಲ್ಲಿ ಬೂಟಿನ ಧೂಳು ಒರೆಸಿ ಕಾಲಲ್ಲೇ ಮೂಲೆಗೆ ತಳ್ಳಿದಳು.

ಇವರ ಪಕ್ಕ ಕೂತು ಉಣ್ಣಬೇಕೆಂದು ತಾನು ಹಂಬಲಿಸಿದ್ದೆನೇ ಎಂದುಕೊಂಡಾಗ ಟೈಲರಮ್ಮನ ಮಗಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಎಲ್ರೂ ಸಾಲಾಗಿ ಬನ್ನಿ," ಎಂದ ಫೋಟೋಗ್ರಾಫರ್.

"ಬಾರೇ, ನೀನೂ ಸಂಘದವಳೇ ತಾನೇ," ಎಂದು ಡಾಕ್ಟರ ಮಗಳು ತೋಳು ಹಿಡಿದು ಅವಳನ್ನು ಸಾಲಿನ ತುದಿಗೆ ನಿಲ್ಲಿಸಿದಳು. "ಇವಳಿಗೆ ಮೀಸೆ ಇಲ್ವಲ್ರೋ."

ಏಣಿ ತನ್ನ ತುಟಿಯ ಮೇಲಿದ್ದುದನ್ನು ಕಿತ್ತು ಅವಳ ಮೂಗಿನ ಕೆಳಗೆ ಹಿಡಿದ. ಅದರಲ್ಲಿ ಬಿಸ್ಕತ್ತಿನ ಪುಡಿ ಮೆತ್ತಿಕೊಂಡಿತ್ತು. "ತಗೋ, ನಿಂದು ನಿಂಗೇ. ನಮ್ಮ ಸಂಘ ಯಾರ ಋಣಾನೂ ಇಟ್ಕೊಳಲ್ಲ."

ಸಾಲಿಗೆ ಸಾಲೇ ನಕ್ಕಿತು. ಚಹಾ, ಉಗುಳು, ಗೋಂದಿನ ವಾಸನೆಯ ಅಡಿಯಲ್ಲೆಲ್ಲೋ ಅಮ್ಮನ ಎಣ್ಣೆಯ ವಾಸನೆ ಇನ್ನೂ ಸ್ವಲ್ಪ ಇತ್ತು. ಅವಳು ಅವನ ಕೈಯನ್ನು ಪಕ್ಕಕ್ಕೆ ಸರಿಸಿದಳು.

ಫೋಟೋಗ್ರಾಫರ್ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ. "ಯಾರೂ ಅಲ್ಲಾಡಬೇಡಿ."

ಮೇಷ್ಟ್ರು ಹೊಟ್ಟೆ ಒಳಗೆಳೆದುಕೊಂಡರು. ಎಲ್ಲರೂ ಮೀಸೆಯನ್ನು ಬೆರಳಲ್ಲಿ ಒತ್ತಿಕೊಂಡು ಎದುರಿಗೆ ನೋಡಿದರು. ಆ ಕೋಣೆಯಲ್ಲಿ ಮೊದಲ ಸಲ ಅವಳ ದನಿ ಸ್ಪಷ್ಟವಾಗಿ ಹೊರಬಂತು.

"ಸಾರ್, ಸಂಘದಿಂದ ನನ್ನ ಹೆಸರು ತೆಗೆದುಬಿಡಿ."