ಆನ್ ಮಾಡಿದ್ದು ಭಾವ, ಆಫ್ ಮಾಡಿದ್ದು ಯಾರು?

ನಮ್ಮ ಭಾವ, ಅಂದರೆ ನನ್ನ ಯಜಮಾನರ ಅಣ್ಣ, ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಕೇಂದ್ರದಲ್ಲಿ ಕೆಲಸಕ್ಕಿದ್ದಾರೆ. ಬಲು ಜಾಗ್ರತೆಯ ಮನುಷ್ಯ. ಬೀಗ ಹಾಕಿದ ಮೇಲೂ ಜಗ್ಗಿ ನೋಡದೆ ಮನೆ ಬಿಟ್ಟವರಲ್ಲ. ಅಂಥವರ ಕೈಯಲ್ಲೇ ಕಾವಿನ ಪೆಟ್ಟಿಗೆ ತಣ್ಣಗಾಗಿ ಮೊಟ್ಟೆಗಳೆಲ್ಲ ಹಾಳಾದವು ಅಂದಾಗ ನಮಗೆ ತಲೆಬುಡ ಅರ್ಥವಾಗಲಿಲ್ಲ.

ಹಳೇ ಪೆಟ್ಟಿಗೆಗೆ ಕೈಯಲ್ಲಿ ಎಳೆಯುವ ಸ್ವಿಚ್ ಇತ್ತು. ಈಗ ಮೇಜಿನ ಮೇಲೊಂದು ಕಂಪ್ಯೂಟರ್ ಬಂದಿದೆ, ಮೊಟ್ಟೆ ಜೋಡಿಸಿದ ಮೇಲೆ ಪರದೆಯ ಮೇಲಿನ ಗುಂಡಿ ಒತ್ತಬೇಕು. ಆನ್ ಮಾಡಿದ್ದೆ ಅಂತ ಭಾವ ಆಣೆ ಮಾಡುತ್ತಾರೆ. ಹೋಗಿ ನೋಡಿದರೆ ಆಫ್ ಆಗಿರುತ್ತದೆ. ಅದೂ ಅವರ ಪಾಳಿಯಲ್ಲಿ ಮಾತ್ರ! ಯಾರನ್ನು ನಂಬೋಣ ಹೇಳಿ?

ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅಂದರು ಮಾಲೀಕರು. ಮಗನಿಗೆ ಮರೆವಿನ ಕಾಯಿಲೆ ಅಂದರು ಅತ್ತೆ. ಯಾರೋ ಬೇಕಂತಲೇ ಆಫ್ ಮಾಡುತ್ತಿದ್ದಾರೆ ಅಂದರು ನಮ್ಮ ಯಜಮಾನರು. ನನಗಂತೂ ಎಲ್ಲರ ಮಾತೂ ಸರಿ ಅನ್ನಿಸಿ ತಲೆ ಕೆಟ್ಟುಹೋಯಿತು. ಭಾವ ಮಾತ್ರ ತಟ್ಟೆಯಲ್ಲಿನ ಅನ್ನ ಮುಟ್ಟದೆ ಎದ್ದುಹೋಗುತ್ತಿದ್ದರು.

ನನ್ನ ಗೆಳತಿಯೊಬ್ಬಳು ಕಂಪ್ಯೂಟರ್ ಕಲಿಸುವ ಟೀಚರ್. ಅವಳನ್ನು ಭಾವನ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಮರೆವಿಗೆ ಇವಳೇನು ಮದ್ದು ಕೊಡ್ತಾಳೆ ಅಂತ ಗೊಣಗುತ್ತಲೇ ಅತ್ತೆಯೂ ಬಂದರು.

ಭಾವ ಗುಂಡಿ ಒತ್ತಿದರು. ನಿಂತು ನೋಡಿದರು. ಮತ್ತೆ ಒತ್ತಿದರು.

"ಮತ್ತೆ ಯಾಕೆ ಒತ್ತಿದ್ರಿ ಅಣ್ಣಾ?" ಅಂದಳು ಗೆಳತಿ.

"ಮೊದಲ್ನೇದು ಹಿಡೀಲಿಲ್ಲ ಅಲ್ವಾ? ಏನೂ ಬದಲಾಗ್ಲಿಲ್ಲ."

ಬದಲಾಗಿತ್ತು ರೀ! ಪರದೆಯಲ್ಲಿ ಗುಂಡಿಯ ಪಕ್ಕದ ಕೆಂಪು ಚುಕ್ಕೆ ಹಸಿರಾಗಿದ್ದನ್ನು ನಾನೇ ಕಣ್ಣಾರೆ ಕಂಡೆ. ಮತ್ತೆ ಒತ್ತಿದ್ದಕ್ಕೆ ಪುನಃ ಕೆಂಪಾಗಿ ಪೆಟ್ಟಿಗೆ ಆಫ್ ಆಯಿತು. ಚುಕ್ಕೆಯ ಬಣ್ಣ ಯಾವುದು ಅಂತ ಕೇಳಿದರೆ ಭಾವ, ಒಂಥರಾ ಕಂದು, ಆಗಲೂ ಅದೇ ಈಗಲೂ ಅದೇ ಅಂದರು. ನಾವು ಪಿಳಿಪಿಳಿ ಕಣ್ಣು ಬಿಟ್ಟೆವು.

ಎಲೆ ಹಸಿರು ಅಂತ ಇವನೇ ಹೇಳ್ತಾನಲ್ಲ ಅಂತ ಅತ್ತೆ ವಾದಕ್ಕಿಳಿದರು. ಚಿಕ್ಕಂದಿನಲ್ಲಿ ನೀವು ಹೇಳಿಕೊಟ್ಟಿದ್ದೀರಿ, ಅವರು ಹೇಳ್ತಾರೆ ಅಂದಳು ಗೆಳತಿ. ಕೆಲವರ ಕಣ್ಣಿಗೆ ಹುಟ್ಟಿನಿಂದಲೇ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತವಂತೆ. ಗಂಡಸರಲ್ಲಿ ಇದು ಹೆಚ್ಚಂತೆ.

ಆಮೇಲೆ ಅವಳು ಸೆಟ್ಟಿಂಗ್ಸ್ ತೆರೆದಳು. ಈ ಬಣ್ಣಗಳು ಕಂಪ್ಯೂಟರ್ ಜೊತೆಗೇ ಬಂದವು, ಬೇಡವಾದರೆ ಬದಲಿಸಬಹುದು ಅಂದಳು. ನೀಲಿ, ಹಳದಿ ಹಾಕಿದಳು. ಚುಕ್ಕೆಯ ಪಕ್ಕ 'ಚಾಲೂ ಇದೆ', 'ನಿಂತಿದೆ' ಅಂತ ಅಕ್ಷರ ಮೂಡುವ ಹಾಗೆ, ಒತ್ತಿದರೆ ಸದ್ದು ಬರುವ ಹಾಗೆ ಮಾಡಿದಳು. ಇಷ್ಟೂ ಮೊದಲಿನಿಂದ ಅದರೊಳಗೇ ಇತ್ತು, ನಾವ್ಯಾರೂ ತೆಗೆದು ನೋಡಿರಲಿಲ್ಲ. ಮಾಲೀಕರೂ ಬಂದು ನೋಡಿ, ಕೆಲಸ ಬಿಡಿಸುವ ಮಾತು ವಾಪಸ್ ತೆಗೆದುಕೊಂಡರು.

ಭಾವ ಒತ್ತಿದರು. ಒಂದೇ ಸಲ. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಹಾಗಾದ್ರೆ ನನ್ನ ತಲೆ ಸರಿಯಾಗೇ ಇದೆ ಅಲ್ವೇನಮ್ಮ?"

ಅತ್ತೆ ಮಗನ ತಲೆ ಸವರಿದರು. "ಸರಿಯಾಗೇ ಇದೆ ಕಣೋ. ನಾನೇ ತಿಳೀದೆ ಅಂದುಬಿಟ್ಟೆ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮವರು ಯಾರಾದರೂ ಕಂಪ್ಯೂಟರ್ ಮುಂದೆ ತಡವರಿಸಿದರೆ ಬೈಯುವ ಮೊದಲು 'ನಿನಗೆ ಏನು ಕಾಣ್ತಿದೆ?' ಅಂತ ಕೇಳಿ. ಸೆಟ್ಟಿಂಗ್ಸ್ ತೆರೆಯಿರಿ, ಅವರ ಕಣ್ಣಿಗೆ ಹೊಂದುವ ಬಣ್ಣ ಹಾಕಿ. ಪ್ರೋಗ್ರಾಂ ಮಾಡುವ ಪುಣ್ಯಾತ್ಮರೇ, ಗುಂಡಿ ಒತ್ತಿದಾಗ ಬಣ್ಣವೊಂದನ್ನೇ ಬದಲಿಸಿ ಸುಮ್ಮನಾಗಬೇಡಿ, 'ಆಯಿತು' ಅಂತ ಒಂದು ಮಾತೂ ಹೇಳಿಸಿ. ಆ ಚುಕ್ಕೆಯ ಮೇಲೆ ಒಬ್ಬರ ಅನ್ನ ನಿಂತಿರುತ್ತದೆ.