ತಕ್ಕಡಿ ಮಾವನ ಕಿವಿ

ನನ್ನ ಸೋದರಮಾವನ ಎರಡು ಕೈಗೂ ಒಂದೊಂದು ಕಿತ್ತಳೆ ಹಣ್ಣು ಕೊಟ್ಟು ಯಾವುದು ಭಾರ ಎಂದು ಕೇಳಿದರೆ, ಉತ್ತರಿಸುವ ಮೊದಲು ಅವರು ಬಲಗೈಯದನ್ನು ಎಡಗೈಗೂ ಎಡಗೈಯದನ್ನು ಬಲಗೈಗೂ ದಾಟಿಸುತ್ತಾರೆ. ದಾಟಿಸಿ, ಕಣ್ಣು ಮುಚ್ಚಿ, ಮತ್ತೆ ಮೊದಲಿನ ಕೈಗಳಿಗೇ ತಂದು, ಆಮೇಲಷ್ಟೇ ಬಾಯಿ ತೆರೆಯುತ್ತಾರೆ. ನಲವತ್ತು ವರ್ಷ ಅಂಗಡಿ, ಗೋದಾಮು, ಔಷಧಾಲಯಗಳ ತಕ್ಕಡಿಗಳನ್ನು ಬಿಚ್ಚಿ, ಒರೆಸಿ, ಸರಿದೂಗಿಸಿಕೊಟ್ಟ ಕೈಗಳು ಅವು. ಒಂದೇ ಸಲದ ತೂಕವನ್ನು ನಂಬದಿರುವುದು ಮೊದಲು ವೃತ್ತಿಧರ್ಮವಾಗಿತ್ತು, ಕ್ರಮೇಣ ಸ್ವಭಾವವೇ ಆಗಿಹೋಯಿತು. ನನ್ನ ಮಗಳು ಹುಟ್ಟಿದ ದಿನ ಆಸ್ಪತ್ರೆಗೆ ಬಂದವರು ಅವಳನ್ನು ಬಲತೋಳಿಗೆ ತೆಗೆದುಕೊಂಡರು, ಎಡತೋಳಿಗೆ ಬದಲಾಯಿಸಿದರು, ನೆತ್ತಿ ಮೂಸಿದರು. “ಮೂರು ಕಿಲೋ ನೂರೈವತ್ತು,” ಎಂದರು. ದಾದಿಯ ಚೀಟಿಯಲ್ಲಿ ಮೂರು ಕಿಲೋ ಇನ್ನೂರು ಎಂದಿತ್ತು. “ನಿಮ್ಮ ತಕ್ಕಡಿ ಕೊನೇ ಸಲ ಯಾವಾಗ ನೋಡಿಸಿದ್ದು, ತಾಯಿ?” ಎಂದು ಪರಮ ವಿನಯದಿಂದ ಕೇಳಿ, ಕೋಟಿನ ಒಳಜೇಬಿನಿಂದ ಅರ್ಧ ಕಿಲೋದ ಹಿತ್ತಾಳೆಯ ತೂಕದ ಬಟ್ಟು ತೆಗೆದು ಆ ತಕ್ಕಡಿಯ ತಟ್ಟೆಯ ಮೇಲಿಟ್ಟರು. ಮುಳ್ಳು ಐನೂರೈವತ್ತಕ್ಕೆ ಹೋಗಿ ನಿಂತಿತು. ದಾದಿ ಚೀಟಿ ತಿದ್ದಿಕೊಟ್ಟಳು.

ಆ ಕೋಟು ಬೂದಿಬಣ್ಣದ್ದು. ಹೊರಗೆ ನಾಲ್ಕು ಜೇಬು, ಒಳಗೆ ಮೂರು. ಎಡಜೇಬಿಗೆ ಬಟ್ಟುಗಳು ಇಳಿದರೆ ಬಲಜೇಬಿಗೆ ಅಷ್ಟೇ ಭಾರದ ಇಕ್ಕಳ, ತಿರುಪುಳಿ, ಊಟದ ಡಬ್ಬಿ ಇಳಿಯಬೇಕು. ಇಲ್ಲದಿದ್ದರೆ ಭುಜ ವಾಲುತ್ತದೆ, ಭುಜ ವಾಲಿದರೆ ಕಣ್ಣು ವಾಲುತ್ತದೆ, ಕಣ್ಣು ವಾಲಿದರೆ ಮುಳ್ಳು ಸುಳ್ಳು ಹೇಳುತ್ತದೆ ಎಂಬುದು ಅವರ ಸಿದ್ಧಾಂತ. ನಿವೃತ್ತರಾಗಿ ಏಳು ವರ್ಷವಾದರೂ ಕೋಟು ಮೈ ಬಿಟ್ಟಿಲ್ಲ. ತುಂಬಿದ ಪಾತ್ರೆಯನ್ನು ತುಳುಕದಂತೆ ಒಯ್ಯುವವರ ಆ ಮೆಲ್ಲನೆಯ ನಡಿಗೆಯೂ ಬಿಟ್ಟಿಲ್ಲ. ಇಷ್ಟೆಲ್ಲ ಇದ್ದೂ, ತಮ್ಮ ಕೈಯಾರೆ ಮಾಡಿದ ಮಗುವಿನ ಮಂಚದ ಒಂದು ಕಾಲು ಮಾತ್ರ ಗಿಡ್ಡ. ನಾನು ಮಲಗಿ ಬೆಳೆದ ಮಂಚ ಅದು, ಈಗ ಮಧ್ಯಾಹ್ನಗಳಲ್ಲಿ ನನ್ನ ಮಗಳು ಮಲಗುತ್ತಾಳೆ. “ಊರ ತಕ್ಕಡಿಯೆಲ್ಲ ನೆಟ್ಟಗೆ ಮಾಡಿದ್ರು, ಮನೆ ಮಂಚ ಮಾತ್ರ ಕುಂಟುತ್ತೆ,” ಎಂದು ಅತ್ತೆ ಮೂವತ್ತು ವರ್ಷದಿಂದ ಹೇಳುತ್ತಲೇ ಇದ್ದಾರೆ. ನನ್ನನ್ನು ಮಾವ ಪುಟ್ಟಿ ಎಂದೇ ಕರೆಯುವುದು. ಮಗಳು ಹುಟ್ಟಿದ ಮೇಲೆ ದೊಡ್ಡಪುಟ್ಟಿ ಎಂದು ಬಡ್ತಿ ಸಿಕ್ಕಿದೆ, ಆದರೆ ಬಾಯಿಗೆ ಬರುವುದು ಹಳೆಯ ಪುಟ್ಟಿಯೇ.

ತೂಕ ಬಿಟ್ಟರೆ ಮಾವನ ಜೀವ ಇರುವುದು ಸಂಗೀತದಲ್ಲಿ. ನಡುಮನೆಯಲ್ಲಿ ಎರಡು ಸ್ಪೀಕರುಗಳು, ಎರಡರಿಂದಲೂ ದಾರ ಹಿಡಿದು ಸಮದೂರದಲ್ಲಿಟ್ಟ ಒಂದು ಕುರ್ಚಿ, ಕುರ್ಚಿಯ ಕಾಲುಗಳ ಸುತ್ತ ಸೀಮೆಸುಣ್ಣದ ಗುರುತು. ಕಸ ಗುಡಿಸುವಾಗ ಅತ್ತೆ ಕುರ್ಚಿಯನ್ನು ಬೆರಳಗಲ ಸರಿಸಿದರೂ ಮನೆಯಲ್ಲಿ ವಿಚಾರಣೆ ನಡೆಯುತ್ತದೆ. ಈಚೆಗೆ ಹಾಡುಗಳೆಲ್ಲ ಅಂತರ್ಜಾಲದಿಂದ ಹರಿದುಬರತೊಡಗಿದ ಮೇಲೆ ಮಾವನಿಗೆ ಹೊಸದೊಂದು ಹಂಬಲ ಹಿಡಿಯಿತು. ಹಾಗೆ ಬರುವ ಹಾಡು ಬರೀ ಅಂಕಿಗಳ ಸಾಲಂತೆ. ಆ ಅಂಕಿಗಳನ್ನು ಕಿವಿಗೆ ಕೇಳುವ ದನಿಯಾಗಿ ಬದಲಾಯಿಸಲು ನಡುವೆ ಒಂದು ಪೆಟ್ಟಿಗೆ ಬೇಕಂತೆ, ಅಂಗಡಿಯವರು ಅದನ್ನು ಡ್ಯಾಕ್ ಎನ್ನುತ್ತಾರಂತೆ. ಹತ್ತು ದಿನ ಮನೆಯಲ್ಲಿಟ್ಟು ಕೇಳಿ ನೋಡಿ, ಬೇಡವಾದದ್ದನ್ನು ಹಿಂದಿರುಗಿಸಬಹುದು ಎಂಬ ಕರಾರಿನ ಮೇಲೆ ಅವರು ಎರಡನ್ನು ಹೊತ್ತು ತಂದರು. ಒಂದು ಕರಿಯದು, ಇಟ್ಟಿಗೆಯಷ್ಟು ದಪ್ಪ. ಇನ್ನೊಂದು ಸಾಬೂನಿನ ಬಿಲ್ಲೆಯಷ್ಟು. ಬೆಲೆಯಲ್ಲಿ ದೊಡ್ಡದರ ಎಂಟನೇ ಒಂದು ಪಾಲು.

ಅಷ್ಟೇ ಆಗಿದ್ದರೆ ಅದೊಂದು ಮೋಜಿನ ಕಥೆ. ಆದರೆ ಅದರ ಹಿಂದಿನ ವಾರವೇ ಕಿವಿ ಪರೀಕ್ಷೆ ಮಾಡುವ ಹುಡುಗಿ ತಗ್ಗಿನ ಸ್ವರದಿಂದ ಮೇಲಿನ ಸ್ವರದವರೆಗೆ ಎಷ್ಟೆಷ್ಟು ಕೇಳಿಸುತ್ತದೆ ಎಂದು ಗೀಟೆಳೆದ ಒಂದು ನಕ್ಷೆಯನ್ನು ಮಾವನ ಕೈಗೆ ಕೊಟ್ಟಿದ್ದಳು. “ಬಲಗಡೆ ಹೋಗ್ತಾ ಹೋಗ್ತಾ ಗೀಟು ಜಾರುಬಂಡೆ ಥರ ಇಳಿದಿದೆ ಕಣೆ,” ಎಂದರು ಅತ್ತೆ. “ಅದನ್ನ ಮಡಿಚಿ ಜೇಬಿಗಿಟ್ಕೊಂಡು ನಿನ್ನ ಮಾವ ಸೀದಾ ಹಾಡಿನ ಪೆಟ್ಟಿಗೆ ಅಂಗಡಿಗೆ ಹೋಗಿದಾರೆ.”

ಮಾವ ತಂತಿ ಸಿಕ್ಕಿಸುತ್ತಾ, ಹವಾಮಾನದ ಬಗ್ಗೆ ಹೇಳುವ ದನಿಯಲ್ಲಿ ಹೇಳಿದರು: “ಸವೆದ ತಕ್ಕಡೀಲಿ ತೂಗಬಾರದು, ಪುಟ್ಟಿ. ಈ ಎರಡರ ನೆಪದಲ್ಲಿ ಕಿವೀನೂ ತೂಗಿ ನೋಡ್ತೀನಿ. ಸವೆದಿದೆ ಅಂತಾದ್ರೆ ಈ ಸಾಮಾನೆಲ್ಲ ಕೇಳೋ ಕಿವಿ ಇರೋರಿಗೆ ಕೊಟ್ಟುಬಿಡೋದು. ನಂಗೆ ರೇಡಿಯೋ ಸುದ್ದಿ ಸಾಕು.”

ಅತ್ತೆ ಬಂದು ಕುರ್ಚಿಯನ್ನು ತಾವೇ ಸೀಮೆಸುಣ್ಣದ ಗುರುತಿಗೆ ಸರಿಯಾಗಿ ಕೂರಿಸಿದರು. ಆಗಲೇ ಆ ಮಾತಿನ ತೂಕ ನನಗೆ ತಿಳಿದದ್ದು.

ಮೊದಲ ದಿನ ಹಬ್ಬವೇ. ಕೊಳಲಿನ ಒಂದು ಹಳೆಯ ಧ್ವನಿಮುದ್ರಿಕೆ ಹಾಕಿದರು. ಶುರುಮಾಡುವ ಮೊದಲು ಕೊಳಲು ನುಡಿಸುವಾತ ಉಸಿರೆಳೆದುಕೊಳ್ಳುವುದು ಕೂಡ ಅದರಲ್ಲಿ ದಾಖಲಾಗಿದೆ. ಚಿಕ್ಕ ಪೆಟ್ಟಿಗೆಯಲ್ಲಿ ಕೇಳಿದೆವು, ಚೆನ್ನಾಗಿತ್ತು. ದೊಡ್ಡದಕ್ಕೆ ಬದಲಾಯಿಸಿದ ಕ್ಷಣ ಕೊಳಲು ಎರಡು ಹೆಜ್ಜೆ ಮುಂದೆ ಬಂದು ಎದುರಿಗೇ ನಿಂತಿತು. ಮಾವ ಕುರ್ಚಿಯ ತುದಿಗೆ ಬಂದರು, ಅತ್ತೆ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಬಂದರು, ನನಗೆ ತೋಳಿನ ರೋಮ ನಿಮಿರಿತು. “ಬಾಗಿಲು ತೆಗೆದ ಹಾಗಾಯ್ತಲ್ಲೇ,” ಎಂದರು ಮಾವ. ಸಂಜೆ ನಾನು ಮಗಳ ಹಾಲು, ನಿದ್ದೆ, ಲಸಿಕೆ ಬರೆದಿಡುವ ದಿನಚರಿಯಲ್ಲಿ ಕೆಳಗೊಂದು ಸಾಲು ಸೇರಿಸಿದೆ: ದೊಡ್ಡದೇ, ಸಂಶಯವಿಲ್ಲ.

ಮರುದಿನ ಬೆಳಿಗ್ಗೆ ಫೋನು. “ಹೆಬ್ಬೆರಳಿತ್ತು, ಪುಟ್ಟಿ.”

“ಯಾರ ಹೆಬ್ಬೆರಳು ಮಾವ?”

“ದೊಡ್ಡದರದ್ದು. ಅಂಗಡಿಯವನು ತಟ್ಟೆ ಮೇಲೆ ಮೆಲ್ಲಗೆ ಬೆರಳು ಒತ್ತೋದಿಲ್ವ, ಹಾಗೆ. ಅದು ಚಿಕ್ಕದಕ್ಕಿಂತ ಒಂಚೂರು ಜೋರಾಗಿ ಹಾಡುತ್ತೆ. ಸದ್ದು ಅಳೆಯೋ ಮೀಟರ್ ಇಟ್ಟು ನೋಡಿದೆ. ಜೋರಾಗಿದ್ದಿದ್ದನ್ನ ಕಿವಿ ಚೆನ್ನಾಗಿದೆ ಅಂದ್ಕೊಳ್ಳುತ್ತೆ. ನೀನು ಬಾ, ಅದಲು ಬದಲು ಮಾಡೋಕೆ ಜನ ಬೇಕು.”

ನಾನು ಮಗಳನ್ನು ಎತ್ತಿಕೊಂಡು ಓಡಿದೆ. ಓಡಿದೆ ಎಂದೇ ಬರೆಯಬೇಕು. ಆರಿಸಿದ ಒಲೆಯ ಮೇಲೆ ಮುಚ್ಚದೆ ಬಿಟ್ಟ ಹಾಲಿನ ನೆನಪಾದದ್ದು ಅರ್ಧ ದಾರಿಯಲ್ಲಿ. ಮಾವ ಆಗಲೇ ಯಂತ್ರಗಳ ಮುಂದೆ ಹಾಸಿಗೆಯ ಹೊದಿಕೆಯೊಂದನ್ನು ಪರದೆಯಾಗಿ ಕಟ್ಟಿ, ಎರಡು ಪೆಟ್ಟಿಗೆಗೂ ಸದ್ದು ಸಮನಾಗುವಂತೆ ತಿರುಪಿನ ಸುತ್ತ ಪೆನ್ಸಿಲ್ ಗುರುತು ಹಾಕಿಟ್ಟಿದ್ದರು. ಮಗಳನ್ನು ಒಳಕೋಣೆಯ ಕುಂಟು ಮಂಚದಲ್ಲಿ ಮಲಗಿಸಿ ಬಂದು ನಾನು ಪರದೆಯ ಹಿಂದೆ ಕೂತೆ. ಅವಳ ಆಟದ ಮರದ ತುಂಡುಗಳನ್ನು ಚೀಲಕ್ಕೆ ಹಾಕಿ, ನೋಡದೆ ಒಂದೊಂದು ತೆಗೆಯುವುದು: ಕೆಂಪು ಬಂದರೆ ದೊಡ್ಡದು, ಹಳದಿ ಬಂದರೆ ಚಿಕ್ಕದು.

“ಮತ್ತೆ ಅದೇ ಬಣ್ಣ ಬಂದ್ರೂ ತಂತಿ ಕಿತ್ತು ಮತ್ತೆ ಹಾಕು,” ಎಂದು ಪರದೆಯಾಚೆಯಿಂದ ಅಪ್ಪಣೆ. “ಬಳೆ ತೆಗೆದಿಡು. ಅದು ಚಾಡಿ ಹೇಳಬಾರದು.”

“ಉಸಿರಾಡಬಹುದಾ ಮಾವ?”

“ಸಮವಾಗಿ ಆಡು.”

ಹದಿನಾರು ಸಲ ಬದಲಾಯಿಸಿದೆ. ಪ್ರತಿ ಸಲವೂ ಅದೇ ಕೊಳಲು, ಅದೇ ಉಸಿರು. ಪ್ರತಿ ಸಲವೂ ಮಾವ “ದೊಡ್ಡದು” ಅಥವಾ “ಚಿಕ್ಕದು” ಎಂದರು, ನಾನು ಬರೆದುಕೊಂಡೆ. ನನಗಂತೂ ಒಂದು ಸಲವೂ ವ್ಯತ್ಯಾಸ ತಿಳಿಯಲಿಲ್ಲ. ಆದರೆ ಮಾವನ ಕಿವಿ ನನ್ನದಲ್ಲವಲ್ಲ ಎಂದು ಬರೆಯುತ್ತಲೇ ಹೋದೆ. ಕೊನೆಗೆ ಎಣಿಸಿದರೆ ಒಂಬತ್ತು ಸರಿ, ಏಳು ತಪ್ಪು.

“ನಾಣ್ಯ ಚಿಮ್ಮಿದ್ರೂ ಎಂಟು ಬರ್ತಿತ್ತು,” ಎಂದರು ಮಾವ. ಎದ್ದು ನಿಂತು, ಕೋಟು ಕಳಚಿ, ಕುರ್ಚಿಯ ಬೆನ್ನಿಗೆ ನೇತುಹಾಕಿದರು. ಕೋಟಿಲ್ಲದ ಮಾವನನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಭುಜಗಳು ಎಷ್ಟು ಸಣ್ಣವು. ಬಾಗಿಲಲ್ಲಿದ್ದ ಅತ್ತೆ ನೀರಿನ ಲೋಟ ತಂದು ಕೈಗಿತ್ತರು, ಕುಂಟು ಮಂಚದ ಮಾತು ಎತ್ತಲಿಲ್ಲ.

ನೀರು ಅರ್ಧ ಕುಡಿದವರು ಲೋಟವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದರು. ಆಗ ನನಗೆ ಜೀವ ಬಂತು.

“ಅಲುಗದೆ ನಿಂತ ತಕ್ಕಡಿ ಎರಡು ಥರ,” ಎಂದರು ನಿಧಾನವಾಗಿ. “ಒಂದರಲ್ಲಿ ಎರಡು ತಟ್ಟೇಲೂ ಸಮ ಇರುತ್ತೆ. ಇನ್ನೊಂದು ತುಕ್ಕು ಹಿಡಿದು ಕಚ್ಕೊಂಡಿರುತ್ತೆ. ನೋಡೋಕೆ ಎರಡೂ ಒಂದೇ.”

“ಮತ್ತೆ ತಿಳಿಯೋದು ಹೇಗೆ?”

ಅವರು ಕೋಟಿನ ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ತೋರಿಸಿದರು. ಒಳಗೆ ಹತ್ತಿಯ ಮೇಲೆ ಉಗುರಿನ ಚೂರಿನಷ್ಟು ತೆಳ್ಳನೆಯ ತಗಡು. “ಇದನ್ನ ಒಂದು ತಟ್ಟೆಗೆ ಹಾಕಬೇಕು. ಮುಳ್ಳು ನಡುಗಿದ್ರೆ ತಕ್ಕಡಿ ಬದುಕಿದೆ. ಕಿವಿಗೆ ಇಂಥದ್ದೇನಿದೆ, ಅದೇ ಯೋಚನೆ.”

“ಸದ್ದಿನ ತಿರುಪನ್ನ ಕೂದಲೆಳೆಯಷ್ಟು ತಿರುಗಿಸಲಾ?” ಎಂದೆ. “ಕೆಲವು ಸಲ ತಿರುಗಿಸ್ತೀನಿ, ಕೆಲವು ಸಲ ಬರೀ ಮುಟ್ಟಿ ಬಿಡ್ತೀನಿ. ಸದ್ದು ಬದಲಾಯ್ತೋ ಇಲ್ವೋ ನೀವು ಹೇಳಿ.”

ಮಾವ ಕೋಟು ಹಾಕಿಕೊಂಡರು.

ಹತ್ತು ಸಲ ಎಂದು ನಿಶ್ಚಯವಾಯಿತು. ಎರಡು ಮುಗಿದಿತ್ತು, ಎರಡನ್ನೂ ಸರಿಯಾಗಿ ಹಿಡಿದಿದ್ದರು. ಮೂರನೆಯದರ ನಡುವೆ ಬೆರಳೆತ್ತಿದರು. “ನಿಲ್ಲಿಸು. ಮಗು ಎದ್ದಿದೆ.”

ನನಗೇನೂ ಕೇಳಿಸಿರಲಿಲ್ಲ. ಹೆತ್ತವಳ ಕಿವಿಗಿಂತ ಚುರುಕಿನದು ಯಾರದ್ದು ಎಂಬ ಜಂಬದಲ್ಲೇ ಒಳಗೆ ಹೋದೆ. ಮಗಳು ಅಳದೆ, ನಗದೆ, ಕಣ್ಣು ಅರಳಿಸಿಕೊಂಡು ತನ್ನ ಕಾಲ ಹೆಬ್ಬೆರಳನ್ನು ಪರೀಕ್ಷಿಸುತ್ತಿದ್ದಳು. ಅವಳು ಕಾಲೆತ್ತಿದಾಗೊಮ್ಮೆ ಮಂಚದ ಗಿಡ್ಡ ಕಾಲು ನೆಲಕ್ಕೆ ತುಕ್ ಎಂದು ತಾಗುತ್ತಿತ್ತು. ಎರಡು ಬಾಗಿಲು, ಒಂದು ಕೊಳಲು ದಾಟಿ ಆ ತುಕ್ ಅವರನ್ನು ಮುಟ್ಟಿತ್ತು.

“ಇನ್ನೇನು ಪರೀಕ್ಷೆ ಬೇಕ್ರೀ ನಿಮಗೆ?” ಎಂದರು ಅತ್ತೆ. ದನಿ ಗೆದ್ದವರದು, ಸೆರಗು ಮಾತ್ರ ಕಣ್ಣಿನ ಹತ್ತಿರವಿತ್ತು.

“ಒಂದೇ ಸಲದ್ದು. ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ,” ಎಂದರು ಮಾವ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಳಿದದ್ದನ್ನು ಮುಗಿಸಿದರು. ಹತ್ತರಲ್ಲಿ ಒಂಬತ್ತು ಸರಿ. ತಪ್ಪಿದ ಒಂದು ಸಲ ಮಗಳು ಅವರ ಕಿವಿಯೊಳಗೆ ಬೆರಳು ಹಾಕಿದ್ದಳು. ನಾನು ಅದನ್ನು ಪಕ್ಕದಲ್ಲಿ ಬರೆಯಹೊರಟರೆ, “ಕಾರಣ ಬರೀಬೇಡ. ತಪ್ಪು ಅಂತ ಬರಿ,” ಎಂದರು.

ಆಮೇಲೆ ಅವರ ಮುಖದಲ್ಲಿ ಮೂಡಿದ್ದನ್ನು ವರ್ಣಿಸಲು ನನಗೆ ಬರದು. ಇಷ್ಟು ಸಡಗರಪಟ್ಟು ತಂದ ಎರಡು ಪೆಟ್ಟಿಗೆಗಳಲ್ಲಿ ವ್ಯತ್ಯಾಸವೇ ಇಲ್ಲವೆಂದರೆ ಬೇರೆಯವರು ಸಪ್ಪಗಾಗುತ್ತಾರೆ. ಜೀವಮಾನವೆಲ್ಲ ಮುಳ್ಳನ್ನು ನಡುಗೆರೆಗೆ ತರಲು ಬೆವರಿದ ಮನುಷ್ಯನಿಗೆ, ನಡುಗಿ ನಡುಗಿ ಕೊನೆಗೆ ನಡುವೆಯೇ ನಿಂತ ಮುಳ್ಳಿಗಿಂತ ಚಂದದ ನೋಟ ಇನ್ನೊಂದಿಲ್ಲ. “ಸಮ,” ಎಂದರು ಮಾವ, ಮಗುವನ್ನು ಬಲತೋಳಿಂದ ಎಡತೋಳಿಗೆ ಬದಲಾಯಿಸುತ್ತಾ. “ಸಮ ಇದೆ ಪುಟ್ಟಿ, ಎರಡೂ ಸಮ.” ಆಮೇಲೆ ಜೇಬಿನ ನಕ್ಷೆ ಮುಟ್ಟಿಕೊಂಡು: “ಆ ಹುಡುಗಿ ಗೀಟು ಸುಳ್ಳಲ್ಲ. ಮೇಲಿನ ಸ್ವರ ಒಂದಿಷ್ಟು ಹೋಗಿದೆ. ಉಳಿದಿದ್ದು ಸರಿಯಾಗಿ ತೂಗುತ್ತೆ.”

ಮರುದಿನ ದೊಡ್ಡ ಪೆಟ್ಟಿಗೆ ಅಂಗಡಿಗೆ ಹಿಂದಿರುಗಿತು. “ಚೆನ್ನಾಗಿಲ್ವಾ ಸರ್?” ಎಂದು ಕೇಳಿದನಂತೆ ಅಂಗಡಿಯವನು. “ತುಂಬ ಚೆನ್ನಾಗಿದೆ. ಚಿಕ್ಕದರಷ್ಟೇ ಚೆನ್ನಾಗಿದೆ,” ಎಂದು ಬಂದರಂತೆ ಮಾವ. ಕುರ್ಚಿ ಅದೇ ಗುರುತಿನ ಮೇಲಿದೆ. ಮಂಚದ ಕಾಲಿಗೆ ರಟ್ಟು ಕೊಡಲೇ ಎಂದು ನಾನು ಕೇಳಿದಾಗ ಅತ್ತೆಯೇ, “ಇರಲಿ ಬಿಡೆ,” ಎಂದರು.

ಇಂಥವರೊಂದಿಗೆ ಹಣ್ಣಿನಂಗಡಿಗೆ ಹೋಗುವುದು ಕಷ್ಟ. ಸಂಜೆಯಾದರೂ ಚೀಲ ತುಂಬದು. ಆದರೆ ಲೋಕದ ಮೇಲೆ ತೀರ್ಪು ಕೊಡುವ ಮೊದಲು ತಮ್ಮದೇ ತಟ್ಟೆಗೆ ಒಂದು ತೆಳ್ಳನೆಯ ತಗಡು ಹಾಕಿಕೊಂಡು ನೋಡುವವರ ಕುಲ ಅದು. ನಮ್ಮಂಥವರು ಸವೆದದ್ದನ್ನು ಬಚ್ಚಿಡುತ್ತೇವೆ, ಇಲ್ಲವೇ ಸವೆಯಿತೆಂದು ಎಲ್ಲವನ್ನೂ ಕೈಚೆಲ್ಲುತ್ತೇವೆ. ಅವರು ಉಳಿದದ್ದೆಷ್ಟು ಎಂದು ತೂಗಿ, ಅಷ್ಟನ್ನೇ ನೆಮ್ಮದಿಯಾಗಿ ಬಳಸುತ್ತಾರೆ. ಆದ್ದರಿಂದಲೇ ಇರಬೇಕು, ಅಂಥವರು ಒಂದನ್ನು ಚೆನ್ನಾಗಿದೆ ಎಂದರೆ ಕೇಳಿದವರು ಅದನ್ನು ಕೈ ಬದಲಾಯಿಸಿ ನೋಡಬೇಕಾಗುವುದಿಲ್ಲ.